ಹಿರಿಯರಿಗೆ ಮಾತಿನ ಚಿಕಿತ್ಸೆ: ಯಾವ ಕಾರ್ಡು ನಡೆಯುತ್ತದೆ, ಎಲ್ಲಿ ಎಷ್ಟು ಖರ್ಚಾಗುತ್ತದೆ

“ಅಮ್ಮನಿಗೆ ಎಪ್ಪತ್ತೆರಡು. ಅಪ್ಪ ಹೋದಾಗಿನಿಂದ ಊಟ ಸೇರುತ್ತಿಲ್ಲ, ರಾತ್ರಿ ಎರಡು ಗಂಟೆಗೇ ಎದ್ದು ಕೂತಿರುತ್ತಾರೆ. ಡಾಕ್ಟರು ಮಾತ್ರೆ ಜೊತೆಗೆ ಕೌನ್ಸೆಲಿಂಗ್ ಕೂಡ ಬೇಕು ಅಂದರು. ಆಯುಷ್ಮಾನ್ ಕಾರ್ಡಿದೆ, ನಡೆಯುತ್ತದಾ?” ಊರು, ವಯಸ್ಸು, ಕಾರ್ಡಿನ ಹೆಸರು ಬದಲಾಗಬಹುದು, ಪ್ರಶ್ನೆ ಮಾತ್ರ ಇದೇ. ಉತ್ತರವನ್ನು ಮೊದಲೇ ಹೇಳಿಬಿಡೋಣ. ವಾರಕ್ಕೊಮ್ಮೆ ಹೋಗಿ, ಮುಕ್ಕಾಲು ಗಂಟೆ ಕೂತು ಮಾತಾಡಿ ಬರುವ ಚಿಕಿತ್ಸೆಗೆ ಆ ಕಾರ್ಡು ನಡೆಯುವುದಿಲ್ಲ. ಆದರೆ ಅದೇ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಯಾವ ಕಾರ್ಡೂ ಇಲ್ಲದೆ, ಬಹುತೇಕ ದುಡ್ಡಿಲ್ಲದೆ ಸಿಗುತ್ತದೆ. ಈ ಎರಡೂ ಸಂಗತಿ ಒಟ್ಟಿಗೆ ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ಮನೆಯವರು ಕಾರ್ಡಿನ ಕೌಂಟರಿನಲ್ಲಿ “ಇಲ್ಲ” ಅನ್ನಿಸಿಕೊಂಡು ವಾಪಸಾಗುತ್ತಾರೆ, ಚಿಕಿತ್ಸೆಯೂ ಅಲ್ಲಿಗೇ ನಿಂತುಹೋಗುತ್ತದೆ.

ಕರ್ನಾಟಕದಲ್ಲಿರುವ ಹಿರಿಯರಿಗೆ ಇವತ್ತು ತೆರೆದಿರುವ ದಾರಿಗಳನ್ನು ಇಲ್ಲಿ ಒಂದೊಂದಾಗಿ ತೂಗಿ ನೋಡಿದ್ದೇವೆ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದದ್ದು

ಮೊದಲ ಪ್ರಶ್ನೆ: ಅಡ್ಮಿಟ್ ಆಗಬೇಕಾದ ಸ್ಥಿತಿಯೇ, ಹೋಗಿಬಂದರೆ ಸಾಕೇ? ವಿಮೆಯ ಲೆಕ್ಕವೆಲ್ಲ ಈ ಗೆರೆಯ ಮೇಲೆ ನಿಂತಿದೆ. ನಮ್ಮ ಹೆಚ್ಚಿನ ಸರ್ಕಾರಿ ವಿಮಾ ಯೋಜನೆಗಳೂ ಖಾಸಗಿ ಪಾಲಿಸಿಗಳೂ ಹಾಸಿಗೆಗೆ ಹಣ ಕೊಡುತ್ತವೆ, ಕುರ್ಚಿಗೆ ಕೊಡುವುದಿಲ್ಲ. ಮಾತಿನ ಚಿಕಿತ್ಸೆ ನಡೆಯುವುದು ಕುರ್ಚಿಯಲ್ಲಿ.

ಎರಡನೆಯದು, ಎಷ್ಟು ಸಲ? ಖಿನ್ನತೆಗೋ ಆತಂಕಕ್ಕೋ ಕೊಡುವ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಅರಿವು-ವರ್ತನೆಯ ಚಿಕಿತ್ಸೆಗೆ ಸಾಮಾನ್ಯವಾಗಿ 8ರಿಂದ 16 ಭೇಟಿ ಬೇಕು. ಒಂದೊಂದು ಭೇಟಿ 45ರಿಂದ 50 ನಿಮಿಷ. ನಿದ್ದೆಯ ತೊಂದರೆಯೊಂದೇ ಇದ್ದರೆ ಆರೆಂಟು ಭೇಟಿಯಲ್ಲಿ ಫಲ ಕಾಣಬಹುದು. ಒಂದು ಭೇಟಿಯ ಶುಲ್ಕ ಕೇಳಿ ಹೌಹಾರುವುದಾಗಲಿ ಸಮಾಧಾನಪಡುವುದಾಗಲಿ ಬೇಡ. ಅದನ್ನು 12ರಿಂದ ಗುಣಿಸಿ ನೋಡಿ, ಹೋಲಿಸಬೇಕಾದದ್ದು ಆ ಮೊತ್ತವನ್ನು.

ಮೂರನೆಯದು, ಎದುರಿಗೆ ಕೂರುವವರು ಯಾರು? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಚಿಕಿತ್ಸೆಯೇ ಅವರ ಕೆಲಸ. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿಯಲ್ಲಿರಬೇಕು. “ಕೌನ್ಸೆಲರ್” ಎಂಬ ಬೋರ್ಡು ಮಾತ್ರ ನೋಡಿ ನಂಬುವಂತಿಲ್ಲ, ಅಲ್ಪಾವಧಿಯ ಸರ್ಟಿಫಿಕೇಟ್ ಕೋರ್ಸು ಮಾಡಿದವರೂ ಆ ಬೋರ್ಡು ಹಾಕುತ್ತಾರೆ. ಮುಂದೆ ವಿಮೆಯವರೂ ಮೊದಲು ಹುಡುಕುವುದು ಬಿಲ್ಲಿನ ಮೇಲಿನ ನೋಂದಣಿ ಸಂಖ್ಯೆಯನ್ನೇ.

ನಾಲ್ಕನೆಯದು ಭಾಷೆ ಮತ್ತು ಕಿವಿ. ಎಪ್ಪತ್ತು ದಾಟಿದವರು “ನನಗೆ ಖಿನ್ನತೆ” ಎಂದು ಬಾಯಿಬಿಟ್ಟು ಹೇಳುವುದು ಕಡಿಮೆ. “ಎದೆ ಭಾರ”, “ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ”, “ಕೈಕಾಲಲ್ಲಿ ಸತ್ವ ಇಲ್ಲ”, “ಯಾಕೋ ಯಾವುದೂ ಬೇಡ” ಎನ್ನುತ್ತಾರೆ. ಬೀದರಿನ ಅಜ್ಜಿ ಹೇಳುವುದನ್ನು ಅದೇ ಸೀಮೆಯ ಮಾತು ಬಲ್ಲವರು ಹಿಡಿಯುವ ಹಾಗೆ ಇಂಗ್ಲಿಷಿನಲ್ಲಿ ಯೋಚಿಸುವ ಚಿಕಿತ್ಸಕರು ಹಿಡಿಯಲಾರರು. ಕಿವಿ ಮಂದವಾಗಿದ್ದರಂತೂ ಫೋನಿನ ಮೇಲಿನ ಚಿಕಿತ್ಸೆ ಅಗ್ಗವಾದರೂ ವ್ಯರ್ಥ.

ಐದನೆಯದು ದಾರಿ ಮತ್ತು ಜೊತೆ. ಇದನ್ನು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ, ಆದರೆ ಚಿಕಿತ್ಸೆ ನಡುವೆ ನಿಂತುಹೋಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಹನ್ನೆರಡು ವಾರ ಯಾರು ಕರೆದುಕೊಂಡು ಹೋಗುತ್ತಾರೆ? ಮಗ ದಿನಗೂಲಿಯವನಾದರೆ ಹನ್ನೆರಡು ದಿನದ ಕೂಲಿಯೂ ಚಿಕಿತ್ಸೆಯ ಖರ್ಚೇ.

ಇವುಗಳ ಜೊತೆ ಇನ್ನೊಂದು ಮಾತು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಇಷ್ಟು ರಕ್ತಪರೀಕ್ಷೆ ಚಿಕಿತ್ಸೆಗೆ ಮುಂಚೆಯೇ ಆಗಲಿ. ಥೈರಾಯ್ಡ್ ಕಡಿಮೆಯಾದರೂ ಬಿ12 ಇಳಿದರೂ ಖಿನ್ನತೆಯ ಹಾಗೆಯೇ ಕಾಣುತ್ತದೆ. ಇನ್ನು ಮರೆವು ಹೊಸದಾಗಿ ಶುರುವಾಗಿದ್ದರೆ ಅದು ಖಿನ್ನತೆಯ ಮರೆವೋ ಡಿಮೆನ್ಶಿಯಾದ ಮೊದಲ ಹೆಜ್ಜೆಯೋ ಎಂದು ವೈದ್ಯರು ನೋಡಬೇಕು, ಚಿಕಿತ್ಸೆಯ ಬಗೆಯೇ ಅದರ ಮೇಲೆ ಬದಲಾಗುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿರುವ ಬಿಪಿ, ಹೃದಯ, ನಿದ್ದೆ ಮಾತ್ರೆಗಳ ಪಟ್ಟಿಯನ್ನೂ ಮೊದಲ ಭೇಟಿಗೆ ಒಯ್ಯಿರಿ.

ಟೆಲಿ ಮಾನಸ್: ಇವತ್ತೇ, ಈಗಲೇ, ಪುಕ್ಕಟೆ

2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಅಥವಾ 1800-891-4416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡ ಆರಿಸಿಕೊಂಡರೆ ಕನ್ನಡದಲ್ಲೇ ಮಾತು. ಕಾರ್ಡು, ಆದಾಯ ಪತ್ರ ಏನೂ ಬೇಡ.

ಮೊದಲು ಮಾತಾಡುವವರು ತರಬೇತಾದ ಆಪ್ತಸಮಾಲೋಚಕರು. ಅಷ್ಟರಲ್ಲಿ ಮುಗಿಯದಿದ್ದರೆ ಎರಡನೇ ಹಂತದಲ್ಲಿ ಮನೋವೈದ್ಯರಿಗೋ ಕ್ಲಿನಿಕಲ್ ಸೈಕಾಲಜಿಸ್ಟ್‌ಗೋ ಜೋಡಿಸುತ್ತಾರೆ, ಅಥವಾ ಹತ್ತಿರದ ಜಿಲ್ಲಾ ಆಸ್ಪತ್ರೆಯ ತಂಡಕ್ಕೆ ಕಳಿಸುತ್ತಾರೆ. ಮನೆಬಿಟ್ಟು ಹೊರಡಲಾಗದವರಿಗೆ, ರಾತ್ರಿ ಸಂಕಟ ಹೆಚ್ಚಾಗುವವರಿಗೆ, “ಆಸ್ಪತ್ರೆಗೆ ಹೋದರೆ ಜನ ಹುಚ್ಚು ಅಂತಾರೆ” ಎಂದು ಹಟ ಹಿಡಿದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ಇಲ್ಲ.

ಮಿತಿಯೂ ಇದೆ. ಒಬ್ಬರೇ ಚಿಕಿತ್ಸಕರ ಹತ್ತಿರ ಹನ್ನೆರಡು ವಾರ ಸಾಲಾಗಿ ನಡೆಯುವ ಚಿಕಿತ್ಸೆಗೆ ಇದು ಬದಲಿ ಅಲ್ಲ. ಕಿವಿ ಕೇಳಿಸದವರಿಗೆ ಕಷ್ಟ. ಒಂದೇ ಕೋಣೆಯ ಮನೆಯಲ್ಲಿ ಸೊಸೆ ಪಕ್ಕದಲ್ಲೇ ಇರುವಾಗ ಸೊಸೆಯ ವಿಷಯ ಅತ್ತೆ ಫೋನಿನಲ್ಲಿ ಹೇಗೆ ಹೇಳಿಯಾರು? ಕರೆ ಮಾಡುವ ಹೊತ್ತಿಗೆ ಅವರೊಬ್ಬರೇ ಇರುವ ಜಾಗ ಮಾಡಿಕೊಡಿ, ಫೋನನ್ನು ಅವರ ಕೈಗೇ ಕೊಡಿ, ಸ್ಪೀಕರಿಗೆ ಹಾಕಬೇಡಿ.

ಮನಸ್ಸಿಗಿಂತ ಹೆಚ್ಚಾಗಿ ಮನೆಯವರ ಹಿಂಸೆ, ಆಸ್ತಿಯ ಜಗಳ, ಒಂಟಿತನವೇ ಮೂಲವಾಗಿದ್ದರೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567 ಇದೆ.

ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ

ಹೆಚ್ಚಿನ ಮನೆಗಳಿಗೆ ನಾವು ಮೊದಲು ಸೂಚಿಸುವುದು ಇದನ್ನೇ. ರಾಜ್ಯದ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಿವೆ. ತಂಡ ಎಂದರೆ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತರು, ನರ್ಸು. ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ. ದೇಶಕ್ಕೆ ಹಬ್ಬಿದ್ದು 1996ರಿಂದ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ಕುಗಳಿವೆ. ನಿಮ್ಮ ತಾಲ್ಲೂಕಿಗೆ ತಂಡ ಯಾವ ಮಂಗಳವಾರ ಬರುತ್ತದೆ ಎಂದು ಆಶಾ ಕಾರ್ಯಕರ್ತೆಗೋ ಆಸ್ಪತ್ರೆಯ ಚೀಟಿ ಕೌಂಟರಿಗೋ ಕೇಳಿಕೊಂಡೇ ಹೊರಡಿ.

ಇಲ್ಲಿ ಚೀಟಿಯ ಖರ್ಚು ಬಿಟ್ಟರೆ ಸಮಾಲೋಚನೆಗೂ ಅಲ್ಲೇ ಕೊಡುವ ಮಾತ್ರೆಗೂ ದುಡ್ಡಿಲ್ಲ. ಇದು ಯಾರೋ ತೋರುವ ಕೃಪೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರಿ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಜಾಗಗಳಲ್ಲಿ ಪೂರ್ತಿ ಉಚಿತವಾಗಿ ಕೊಡಬೇಕು ಎಂದೂ ಅದೇ ಕಲಮು ಹೇಳುತ್ತದೆ.

ಎಡವುವುದು ಎಲ್ಲಿ? ಮನೋವೈದ್ಯರ ಮುಂದೆ ಸಾಲು ಉದ್ದ, ಒಬ್ಬೊಬ್ಬರಿಗೆ ಸಿಗುವುದು ಹತ್ತು ನಿಮಿಷ. ಮಾತ್ರೆ ಬರೆಸಿಕೊಂಡು ಹೊರಬರುವವರೇ ಹೆಚ್ಚು. ಪಕ್ಕದ ಕೋಣೆಯಲ್ಲಿ ಸೈಕಾಲಜಿಸ್ಟ್ ಕೂತಿದ್ದಾರೆ ಎನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ವೈದ್ಯರ ಹತ್ತಿರ ಬಾಯಿಬಿಟ್ಟು ಕೇಳಿ: “ಸಾರ್, ಮಾತ್ರೆ ಜೊತೆಗೆ ಅಮ್ಮನಿಗೆ ಸೈಕಾಲಜಿಸ್ಟ್ ಹತ್ತಿರ ಸಮಾಲೋಚನೆಗೂ ಬರೆದುಕೊಡಿ.” ಚೀಟಿಯ ಮೇಲೆ ಆ ಒಂದು ಸಾಲು ಬಿದ್ದರೆ ಮುಂದಿನ ಬಾಗಿಲು ತೆರೆಯುತ್ತದೆ. ಸೈಕಾಲಜಿಸ್ಟ್ ಹುದ್ದೆಯೇ ಖಾಲಿ ಇರುವ ಕಡೆ ಮನೋಸಾಮಾಜಿಕ ಕಾರ್ಯಕರ್ತರು ಸಮಾಲೋಚನೆ ಮಾಡುತ್ತಾರೆ. ಅಗಲಿಕೆಯ ದುಃಖ, ಮನೆಯೊಳಗಿನ ಮನಸ್ತಾಪ, ಆರೈಕೆ ಮಾಡಿ ಸೋತವರ ಸಂಕಟ, ಇಂಥವಕ್ಕೆ ಅವರು ಚೆನ್ನಾಗಿಯೇ ಒದಗುತ್ತಾರೆ. ಹಳೆಯ ಗೀಳು, ವಿಪರೀತ ಭಯ, ಪದೇ ಪದೇ ಮರುಕಳಿಸುವ ಖಿನ್ನತೆ ಇದ್ದರೆ ಸೈಕಾಲಜಿಸ್ಟ್ ಇರುವ ಕಡೆಗೇ ಹೋಗಬೇಕು.

ಬಸ್ಸಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡಿ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಅಪ್ಪನಿಗೆ 60 ದಾಟಿದ್ದರೆ ಕೆಎಸ್ಆರ್‌ಟಿಸಿ ಟಿಕೆಟಿನಲ್ಲಿ ಶೇ. 25 ರಿಯಾಯಿತಿ. ಜೊತೆಗೆ ಮಗಳೋ ಸೊಸೆಯೋ ಹೋದರೆ ಅವರಿಗೂ ಬಸ್ಸು ಉಚಿತವೇ. ಹೋಗಿಬರಲು ತಲಾ 150 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 600 ದುಡಿಯುವ ಮಗ ಅಮ್ಮನ ಜೊತೆ ಹೋದರೆ ಅವನ ಟಿಕೆಟ್ಟು, ಕೂಲಿ ಸೇರಿ ದಿನಕ್ಕೆ 750, ಹನ್ನೆರಡು ಭೇಟಿಗೆ 9,000. ಅದೇ ದಿನ ಬಿಡುವಿರುವ ಮಗಳು ಹೋದರೆ ಬಸ್ಸಿನ ಖರ್ಚು ಸೊನ್ನೆ. ಉಚಿತ ಚಿಕಿತ್ಸೆ ನಿಜಕ್ಕೂ ಉಚಿತವಾಗುವುದು ಜೊತೆಗೆ ಹೋಗುವವರು ಯಾರು ಎನ್ನುವುದರ ಮೇಲೆ. ಎರಡು ವಾರಕ್ಕೊಮ್ಮೆ ಭೇಟಿ, ನಡುವಿನ ವಾರ ಫೋನಿನಲ್ಲಿ ವಿಚಾರಣೆ ಆಗುತ್ತದೆಯೇ ಎಂದೂ ಸೈಕಾಲಜಿಸ್ಟ್ ಹತ್ತಿರ ಕೇಳಬಹುದು.

ನಿಮ್ಹಾನ್ಸ್, ಡಿಮ್ಹಾನ್ಸ್, ಮೆಡಿಕಲ್ ಕಾಲೇಜುಗಳು

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಒಂದು ಹೆಜ್ಜೆ ಮೇಲಿನವು. ಖಿನ್ನತೆಯೋ ಡಿಮೆನ್ಶಿಯಾವೋ ಎಂಬ ಗೊಂದಲವಿದ್ದಾಗ, ಎರಡು ಮೂರು ಮಾತ್ರೆ ಬದಲಾಯಿಸಿದರೂ ಗುಣ ಕಾಣದಿದ್ದಾಗ, ಪಾರ್ಕಿನ್ಸನ್ ಅಥವಾ ಲಕ್ವದ ಬೆನ್ನಿಗೇ ಮನಸ್ಸು ಕುಗ್ಗಿದಾಗ ದೂರವಾದರೂ ಇಲ್ಲಿಗೆ ಬರಬೇಕು. ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಮನೋವೈದ್ಯಕೀಯ ವಿಭಾಗವಿದೆ. ಖಾಸಗಿ ಆಸ್ಪತ್ರೆಗೆ ಹೋಲಿಸಿದರೆ ಶುಲ್ಕ ಬಹಳ ಕಡಿಮೆ, ಬಿಪಿಎಲ್ ಕಾರ್ಡಿದ್ದರೆ ವಿನಾಯಿತಿ ಇದೆ. ಮೂಲ ಕಾರ್ಡನ್ನೇ ಒಯ್ಯಿರಿ.

ಮೊದಲ ದಿನ ಇಡೀ ದಿನವೇ ಬೇಕು. ನೋಂದಣಿ, ಕಿರಿಯ ವೈದ್ಯರಿಂದ ವಿವರವಾದ ವಿಚಾರಣೆ, ಆಮೇಲೆ ಹಿರಿಯ ವೈದ್ಯರು, ಹೀಗೆ ಸಾಗುತ್ತದೆ. ತಿಂಡಿ, ನೀರು, ಸಕ್ಕರೆ ಕಾಯಿಲೆ ಇದ್ದರೆ ಮಧ್ಯಾಹ್ನದ ಮಾತ್ರೆ ಕೈಯಲ್ಲಿರಲಿ. ಮಾತಿನ ಚಿಕಿತ್ಸೆ ಅಂದೇ ಶುರುವಾಗುವುದಿಲ್ಲ, ಅದಕ್ಕೆ ಬೇರೆ ದಿನ ಕೊಡುತ್ತಾರೆ.

ಇಲ್ಲಿ ಚಿಕಿತ್ಸೆ ಕೊಡುವವರು ಅನೇಕ ಸಲ ತರಬೇತಿಯಲ್ಲಿರುವ ಸೈಕಾಲಜಿಸ್ಟ್‌ಗಳು, ಅವರ ಹಿಂದೆ ಪ್ರಾಧ್ಯಾಪಕರ ಮೇಲ್ವಿಚಾರಣೆ ಇರುತ್ತದೆ. ಇದರಿಂದ ಹಿಂಜರಿಯಬೇಡಿ. ಪೂರ್ತಿ ಮುಕ್ಕಾಲು ಗಂಟೆ ಕೊಟ್ಟು, ಪ್ರತಿ ಭೇಟಿಯನ್ನೂ ಬರೆದಿಟ್ಟು, ಮೇಲಿನವರ ಹತ್ತಿರ ಚರ್ಚಿಸುವವರು ಇವರೇ. ನಿಜವಾದ ತೊಂದರೆ ಬೇರೆ ಇದೆ. ಅವರ ಪಾಳಿ ಮುಗಿದರೆ ಚಿಕಿತ್ಸಕರು ಬದಲಾಗುತ್ತಾರೆ. ಏಳು ವಾರ ಮನಸ್ಸು ಬಿಚ್ಚಿದ ಅಜ್ಜ ಎಂಟನೇ ವಾರ ಹೊಸ ಮುಖ ಕಂಡರೆ ಬಾಯಿ ಮುಚ್ಚಿಬಿಡುತ್ತಾರೆ. ಮೊದಲ ಭೇಟಿಯಲ್ಲೇ ಕೇಳಿ: “ನೀವು ಇಲ್ಲಿ ಇನ್ನೆಷ್ಟು ತಿಂಗಳಿರುತ್ತೀರಿ?” ಕಡಿಮೆ ದಿನವಿದ್ದರೆ ಹೆಚ್ಚು ಕಾಲ ಇರುವವರ ಹತ್ತಿರ ಹಾಕಿಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಆಯುಷ್ಮಾನ್, ಆರೋಗ್ಯ ಕರ್ನಾಟಕ: ಹಾಸಿಗೆಯ ಕಾರ್ಡು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಭರಿಸುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷೆ ಕೊಡುವ ಆಯುಷ್ಮಾನ್ ವಯ ವಂದನ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಘೋಷಿಸಿತು. ಅದು ನಿಮ್ಮ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ. ಕೇಂದ್ರ ಸರ್ಕಾರಿ ನೌಕರರ, ಪಿಂಚಣಿದಾರರ ಸಿಜಿಎಚ್ಎಸ್ ಅಥವಾ ಮಾಜಿ ಸೈನಿಕರ ಇಸಿಎಚ್ಎಸ್ ಇರುವವರು ಅದನ್ನೋ ಇದನ್ನೋ ಒಂದನ್ನೇ ಆರಿಸಬೇಕು. ಕಾರ್ಮಿಕರ ವಿಮೆಯಾದ ಇಎಸ್ಐ ಅಥವಾ ಖಾಸಗಿ ವಿಮೆ ಇದ್ದವರಿಗೆ ಆ ಕಟ್ಟು ಇಲ್ಲ.

ಮಾತಿನ ಚಿಕಿತ್ಸೆಗೆ ಬಂದರೆ, ಹೊರರೋಗಿ ಖರ್ಚು ಈ ಯೋಜನೆಯ ಹೊರಗಿದೆ. ಕಾರ್ಡು ಕೆಲಸಕ್ಕೆ ಬರುವುದು ಅಡ್ಮಿಟ್ ಆದಾಗ: ಊಟ ನೀರು ಬಿಟ್ಟು ಮಲಗಿದ ತೀವ್ರ ಖಿನ್ನತೆ, ಜೀವ ತೆಗೆದುಕೊಳ್ಳುವ ಮಾತು, ಮತಿಭ್ರಮೆ, ಇಂಥ ಸ್ಥಿತಿಯಲ್ಲಿ. ಆಗ ವಾರ್ಡಿನೊಳಗೆ ನಡೆಯುವ ಸಮಾಲೋಚನೆ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಆರೈಕೆಯೂ ಪಿಎಂ-ಜೆಎವೈ, ಅಂದರೆ ಆಯುಷ್ಮಾನ್ ಪ್ಯಾಕೇಜಿನ ಭಾಗ. ಹಾಗಾಗಿ ಆ ಹದಿನೈದು ದಿನದಲ್ಲಿ ಕನಿಷ್ಠ ಎರಡು ಭೇಟಿಯ ದಿನಾಂಕವನ್ನು ಡಿಸ್ಚಾರ್ಜ್‌ಗೆ ಮೊದಲೇ ಬರೆಸಿಕೊಳ್ಳಿ.

“ಎರಡು ದಿನ ಅಡ್ಮಿಟ್ ಮಾಡಿಸಿದರೆ ಎಲ್ಲ ಕಾರ್ಡಿನಲ್ಲೇ ಆಗುತ್ತದೆ” ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮೋಸ ಎನ್ನುವುದು ಒಂದು. ಹಿರಿಯರಿಗೆ ಕಾರಣವಿಲ್ಲದೆ ಆಸ್ಪತ್ರೆಯ ಹಾಸಿಗೆಯೇ ಅಪಾಯ ಎನ್ನುವುದು ಇನ್ನೊಂದು: ಹೊಸ ಜಾಗ, ನಿದ್ದೆಗೇಡು, ಹೊಸ ಮಾತ್ರೆ ಸೇರಿ ಹಗಲು ರಾತ್ರಿ ತಿಳಿಯದ ಗೊಂದಲಕ್ಕೆ ಬೀಳುತ್ತಾರೆ, ಶೌಚಾಲಯದ ದಾರಿಯಲ್ಲಿ ಜಾರಿ ಸೊಂಟ ಮುರಿದುಕೊಳ್ಳುತ್ತಾರೆ.

ಇಎಸ್ಐ, ಸಿಜಿಎಚ್ಎಸ್: ಇದ್ದವರು ಮರೆತೇಬಿಡುವ ದಾರಿ

ಸಾರ್ವಜನಿಕ ವಿಮೆಯಲ್ಲಿ ಹೊರರೋಗಿ ಚಿಕಿತ್ಸೆಯನ್ನೂ ಕೊಡುವಂಥವು ಇವು. ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಕನಿಷ್ಠ 5 ವರ್ಷ ಇಎಸ್ಐ ಕಟ್ಟಿ, ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ ಬರೀ 120 ರೂಪಾಯಿ ಕಟ್ಟಿದರೆ ತಮಗೂ ಗಂಡ ಅಥವಾ ಹೆಂಡತಿಗೂ ಇಎಸ್ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ 10 ರೂಪಾಯಿ! ನಿವೃತ್ತಿಯ ದಾಖಲೆ, ಹಳೆಯ ಇಎಸ್ಐ ಸಂಖ್ಯೆ ಹಿಡಿದು ಶಾಖಾ ಕಚೇರಿಗೆ ಹೋಗಬೇಕು. ಮೊದಲು ನಿಮ್ಮ ಡಿಸ್ಪೆನ್ಸರಿ, ಅಲ್ಲಿಂದ ಚೀಟಿ ಬರೆಸಿಕೊಂಡು ಬೆಂಗಳೂರಾದರೆ ರಾಜಾಜಿನಗರದ ಇಎಸ್ಐ ಮೆಡಿಕಲ್ ಕಾಲೇಜು ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗ. ಡಿಸ್ಪೆನ್ಸರಿ ತಪ್ಪಿಸಿ ನೇರ ಹೋದರೆ ವಾಪಸು ಕಳಿಸಬಹುದು.

ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್ಎಸ್ ಇದೆ. ಹತ್ತು ವರ್ಷದ ವಂತಿಗೆ ಒಟ್ಟಿಗೆ ಕಟ್ಟಿದರೆ ಜೀವನಪೂರ್ತಿ ಕಾರ್ಡು. ವೆಲ್‌ನೆಸ್ ಸೆಂಟರಿನ ವೈದ್ಯರು ಬರೆದುಕೊಟ್ಟರೆ ಮನೋವೈದ್ಯರ ಭೇಟಿ, ಮಾತ್ರೆ ಎರಡೂ ಆಗುತ್ತವೆ. ಸೆಂಟರು ದೂರ ಎಂದು ಇದರ ಬದಲು ತಿಂಗಳಿಗೆ 1,000 ರೂಪಾಯಿಯ ಸ್ಥಿರ ವೈದ್ಯಕೀಯ ಭತ್ಯೆ ತೆಗೆದುಕೊಳ್ಳುತ್ತಿರುವವರು ಒಮ್ಮೆ ಲೆಕ್ಕ ಹಾಕಲಿ. ವರ್ಷಕ್ಕೆ 12,000 ಬರುತ್ತದೆ. ಭೇಟಿಗೆ 1,500 ಎಂದರೆ ಖಾಸಗಿ ಚಿಕಿತ್ಸಕರ ಎಂಟು ಭೇಟಿಗೆ ಅದು ಮುಗಿಯಿತು, ಮಾತ್ರೆಯ ಖರ್ಚು ಬೇರೆ. ಬೆಂಗಳೂರಿನಲ್ಲಿರುವವರಿಗೆ ಕಾರ್ಡೇ ಲಾಭ. ದೂರದ ಊರಿನವರು ಭತ್ಯೆ ಇಟ್ಟುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗುವುದು ಜಾಣತನ.

ಖಾಸಗಿ ಆರೋಗ್ಯ ವಿಮೆ: ಸಣ್ಣಕ್ಷರದಲ್ಲಿರುವುದು

2017ರ ಕಾಯ್ದೆಯ 21(4)ನೇ ಕಲಮಿನ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ತಳಹದಿಯ ಮೇಲೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು. ದೇಹದ ಕಾಯಿಲೆಗಿಲ್ಲದ ಕಡಿಮೆ ಮಿತಿಯನ್ನು ಮನಸ್ಸಿನ ಕಾಯಿಲೆಗೆ ಮಾತ್ರ ಹಾಕುವುದು ಕಾಯ್ದೆಗೆ ವಿರುದ್ಧ ಎಂದು ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿದೆ. ಆದರೆ ‘ಅದೇ ತಳಹದಿ’ ಎಂಬ ಮಾತನ್ನು ಜನ ತಪ್ಪು ತಿಳಿಯುತ್ತಾರೆ. ನಿಮ್ಮ ಪಾಲಿಸಿ ಸಕ್ಕರೆ ಕಾಯಿಲೆಯ ಮಾಸಿಕ ಭೇಟಿಗೆ ದುಡ್ಡು ಕೊಡುವುದಿಲ್ಲ ಎಂದಾದರೆ ಸೈಕಾಲಜಿಸ್ಟ್ ಭೇಟಿಗೂ ಕೊಡುವುದಿಲ್ಲ. ಸಮಾನತೆ ಇದೆ, ಆದರೆ ಅದೂ ಹಾಸಿಗೆಯ ಮಟ್ಟದಲ್ಲೇ.

ಹೀಗಿದ್ದೂ ಇಲ್ಲೊಂದು ಸಂದು ಇದೆ, ಬಹಳ ಜನ ಬಿಟ್ಟುಕೊಡುತ್ತಾರೆ. ಹಲವು ಪಾಲಿಸಿಗಳು ಡಿಸ್ಚಾರ್ಜ್ ನಂತರದ 60 ದಿನದ ಖರ್ಚನ್ನು, ಅದೇ ಕಾಯಿಲೆಗೆ ಸಂಬಂಧಿಸಿದ್ದಾದರೆ, ಮರಳಿ ಕೊಡುತ್ತವೆ. ಖಿನ್ನತೆಗೆಂದು ನಿಜವಾಗಿ ಅಡ್ಮಿಟ್ ಆಗಿದ್ದವರು ಆ 60 ದಿನದಲ್ಲಿ ವಾರಕ್ಕೊಂದರಂತೆ ಎಂಟು ಭೇಟಿ ಮುಗಿಸಬಹುದು. ಭೇಟಿಗೆ 1,500 ಎಂದರೆ 12,000. ಇದು ಕೈಗೆ ಬರಬೇಕಾದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ “ವಾರಕ್ಕೊಮ್ಮೆ ಮನೋಚಿಕಿತ್ಸೆ ಮುಂದುವರಿಸಬೇಕು” ಎಂದು ಮನೋವೈದ್ಯರು ಬರೆದಿರಬೇಕು. ಆ ಸಾಲಿಲ್ಲದ ಸಮ್ಮರಿ ಹಿಡಿದು ಆಮೇಲೆ ಎಷ್ಟು ಬಿಲ್ಲು ಕಳಿಸಿದರೂ “ಸಂಬಂಧವಿಲ್ಲದ ಖರ್ಚು” ಎಂದು ತಿರಸ್ಕರಿಸುತ್ತಾರೆ. ಪ್ರತಿ ರಸೀದಿಯಲ್ಲಿ ದಿನಾಂಕ, ರೋಗಿಯ ಹೆಸರು, ಚಿಕಿತ್ಸಕರ ನೋಂದಣಿ ಸಂಖ್ಯೆ, ಸಹಿ ಇರಲಿ. ಹನ್ನೆರಡು ಭೇಟಿಗೆ ಸೇರಿ ಒಂದೇ ರಸೀದಿ ಬೇಡ.

ಇನ್ನು ಹೊರರೋಗಿ ಖರ್ಚಿನ ಆ್ಯಡ್-ಆನ್. ಹೆಚ್ಚುವರಿ ಪ್ರೀಮಿಯಂ 4,000, ವರ್ಷದ ಮಿತಿ 5,000 ಎಂದು ಲೆಕ್ಕಕ್ಕೆ ಹಿಡಿಯೋಣ. ಪೂರ್ತಿ ಬಳಸಿದರೂ ಉಳಿತಾಯ 1,000. ಮಿತಿ ಮತ್ತು ಹೆಚ್ಚುವರಿ ಪ್ರೀಮಿಯಂ ನಡುವಿನ ಅಂತರ ನೋಡದೆ “ಓಪಿಡಿ ಇದೆ” ಎಂಬ ಮಾತಿಗೆ ಮರುಳಾಗಬೇಡಿ. ಆ ಮಿತಿಯೊಳಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬರುತ್ತಾರೋ, ಎಂಬಿಬಿಎಸ್ ವೈದ್ಯರು ಮಾತ್ರವೋ ಎನ್ನುವುದನ್ನು ಲಿಖಿತವಾಗಿ, ಇಮೇಲಿನಲ್ಲೇ ಕೇಳಿ ಪಡೆಯಿರಿ. ಏಜೆಂಟರ ಬಾಯಿಮಾತು ಕ್ಲೇಮಿನ ದಿನ ಉಪಯೋಗಕ್ಕೆ ಬಾರದು.

ಹೊಸದಾಗಿ ಪಾಲಿಸಿ ಮಾಡಿಸುವವರಿಗೆ ಈಗ ಕೆಲವು ಅನುಕೂಲಗಳಿವೆ. 65 ದಾಟಿದವರಿಗೆ ಪಾಲಿಸಿ ಕೊಡಲೇಬೇಕೆಂದಿಲ್ಲ ಎಂಬ ವಯೋಮಿತಿ 2024ರ ಏಪ್ರಿಲ್ 1ರಿಂದ ಇಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 3 ವರ್ಷ. 2025ರ ಜನವರಿಯಲ್ಲಿ ಬಂದ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಆದೇಶದಂತೆ ಹಿರಿಯರ ಪ್ರೀಮಿಯಂ ಅನ್ನು ಅನುಮತಿಯಿಲ್ಲದೆ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಆದರೆ ಹತ್ತು ವರ್ಷದ ಹಿಂದೆ ತೆಗೆದುಕೊಂಡ ನಿದ್ದೆ ಮಾತ್ರೆ, ಖಿನ್ನತೆಯ ಚಿಕಿತ್ಸೆ ಎಲ್ಲವನ್ನೂ ಅರ್ಜಿಯಲ್ಲಿ ಬರೆಯಿರಿ. ನಾಚಿಕೆಯಿಂದ ಮುಚ್ಚಿಟ್ಟರೆ ಮನಸ್ಸಿನ ಕ್ಲೇಮಷ್ಟೇ ಅಲ್ಲ, ಇಡೀ ಪಾಲಿಸಿಯೇ ಕೈಬಿಡಬಹುದು. ಇವತ್ತು ಬೇಕಾದ ಮಾತಿನ ಚಿಕಿತ್ಸೆಗೋಸ್ಕರ ಇವತ್ತು ಪಾಲಿಸಿ ಕೊಳ್ಳುವುದಂತೂ ದುಡ್ಡು ದಂಡ. ಕೊಳ್ಳುವುದಾದರೆ ಮುಂದಿನ ಅಡ್ಮಿಶನ್‌ಗಳಿಗಾಗಿ ಕೊಳ್ಳಿ.

ಅನ್ಯಾಯವಾಗಿ ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಐಆರ್‌ಡಿಎಐ ಸಹಾಯವಾಣಿ 155255, ಅಥವಾ ವಿಮೆಯ ದೂರು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಓಂಬುಡ್ಸ್‌ಮನ್ ಹತ್ತಿರ ಶುಲ್ಕವಿಲ್ಲ, ವಕೀಲರೂ ಬೇಡ.

ಕೈಯಿಂದ ದುಡ್ಡು ಕೊಟ್ಟು

ಬೆಂಗಳೂರಿನಲ್ಲಿ ಖಾಸಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಭೇಟಿಗೆ ಸುಮಾರು 1,000ದಿಂದ 3,000, ಜಿಲ್ಲಾ ಊರುಗಳಲ್ಲಿ ಅದಕ್ಕಿಂತ ಕಡಿಮೆ. 1,500ರಂತೆ ಹನ್ನೆರಡು ಭೇಟಿಗೆ 18,000, ಆಟೋ ಖರ್ಚು ಸಲಕ್ಕೆ 300 ಎಂದರೆ ಇನ್ನೊಂದು 3,600. ಒಟ್ಟು 21,600. ಇಷ್ಟು ಕೊಟ್ಟು ಪಡೆಯುವುದೇನು? ನಿಗದಿತ ಸಮಯ, ಒಬ್ಬರೇ ಚಿಕಿತ್ಸಕರು, ಗುಟ್ಟಾದ ಕೋಣೆ, ಭಾಷೆಯ ಆಯ್ಕೆ. ದುಡಿಯುವ ಮಕ್ಕಳಿರುವ ಮನೆಯಲ್ಲಿ ಈ ಮೊತ್ತ ಕೊಡಬಹುದಾದದ್ದೇ. ವಿಡಿಯೋ ಮೂಲಕವಾದರೆ ಮಗ ಅಮೆರಿಕದಲ್ಲಿದ್ದರೂ ಅಮ್ಮ ಶಿರಸಿಯಿಂದಲೇ ಕನ್ನಡದಲ್ಲಿ ಮಾತಾಡಬಹುದು. ಆದರೆ ಮೊದಲ ಒಂದೆರಡು ಭೇಟಿ ಮುಖಾಮುಖಿ ಆಗಲಿ; ನಡಿಗೆ, ಕೈನಡುಕ, ಮೈ ಇಳಿದಿರುವುದು ಪರದೆಯ ಮೇಲೆ ಕಾಣುವುದಿಲ್ಲ.

ಆರೋಗ್ಯ ವಿಮೆಯೇ ಇಲ್ಲದ 60 ದಾಟಿದವರ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000 ರೂಪಾಯಿವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ, ಎಲ್ಲರೂ 80ಡಿ ಎನ್ನುವುದು ಇದನ್ನೇ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ: ಯುಪಿಐ, ಚೆಕ್, ಕಾರ್ಡು ಯಾವುದಾದರೂ ಆಗಲಿ, ವಿನಾಯಿತಿ ಕೇಳುವವರ ಖಾತೆಯಿಂದಲೇ ಹೋಗಲಿ. ಶೇ. 20ರ ಹಂತದಲ್ಲಿರುವ ಮಗಳು 18,000 ಕೊಟ್ಟಿದ್ದರೆ ಸೆಸ್ ಸೇರಿ 3,744 ಉಳಿಯುತ್ತದೆ.

ಯಾವ ಮನೆಗೆ ಯಾವುದು

ಬಿಪಿಎಲ್ ಕಾರ್ಡಿನ ಹಳ್ಳಿಯ ಮನೆಗೆ: ಇವತ್ತು 14416, ಮುಂದಿನ ಮಂಗಳವಾರ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಯ ಸೈಕಾಲಜಿಸ್ಟ್. ಆಯುಷ್ಮಾನ್ ಕಾರ್ಡನ್ನು ಅಡ್ಮಿಶನ್‌ಗೆಂದು ಜೋಪಾನ ಮಾಡಿ. ಸಾಲ ಮಾಡಿ ಖಾಸಗಿಗೆ ಹೋಗುವ ಅಗತ್ಯ ಇಲ್ಲ.

ಕಾರ್ಖಾನೆಯಿಂದ ನಿವೃತ್ತರಾದವರು ಮೊದಲು ಆ 120 ರೂಪಾಯಿಯ ಅರ್ಹತೆ ವಿಚಾರಿಸಲಿ. ಪಿಂಚಣಿಯ ನೆಮ್ಮದಿಯಿದ್ದು ಮಕ್ಕಳು ದೂರವಿರುವ ದಂಪತಿ ನಿಮ್ಹಾನ್ಸ್‌ನಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ಮಾತಿನ ಚಿಕಿತ್ಸೆಯನ್ನು ಊರಿನ ಹತ್ತಿರದ ಖಾಸಗಿಯವರಲ್ಲಿ ಮುಂದುವರಿಸಿದರೆ ಗುಣಮಟ್ಟವೂ ಸಿಗುತ್ತದೆ, ಓಡಾಟವೂ ಕಡಿಮೆ. ಎರಡನ್ನೂ ಬೆರೆಸುವ ಈ ದಾರಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು. ಡಿಮೆನ್ಶಿಯಾ ಖಚಿತವಾದ ಮನೆಯಲ್ಲಿ ಮಾತಿನ ಚಿಕಿತ್ಸೆ ಹೆಚ್ಚು ಬೇಕಾಗುವುದು ಆರೈಕೆ ಮಾಡುತ್ತಿರುವ ಹೆಂಡತಿಗೋ ಸೊಸೆಗೋ. ಅವರ ಹೆಸರಿನಲ್ಲೂ ಬೇರೆ ಚೀಟಿ ಮಾಡಿಸಿ.

“ನಾನಿದ್ದು ಯಾರಿಗೆ ಉಪಕಾರ” ಎಂಬ ಮಾತು ಪದೇ ಪದೇ ಬರುತ್ತಿದ್ದರೆ, ಒಡವೆ, ಪಾಸ್‌ಬುಕ್ ಹಂಚಲು ಶುರುಮಾಡಿದ್ದರೆ ಈ ಹೋಲಿಕೆಗಳನ್ನೆಲ್ಲ ಬದಿಗಿಡಿ. ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧ ಮತ್ತು ಮಾತ್ರೆಯ ಡಬ್ಬಿಗೆ ಬೀಗ ಹಾಕಿ, 14416ಕ್ಕೆ ಕರೆ ಮಾಡಿ. ಕೈಮೀರಿದಂತೆ ಕಂಡರೆ 108ರಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದವರು ಯಾವ ದಾರಿ ಹಿಡಿದರೂ ಹೊರಡುವ ಮುನ್ನ ಫೋನಿನಲ್ಲಿ ಇಷ್ಟು ಕೇಳಿಕೊಳ್ಳಿ: ಸೈಕಾಲಜಿಸ್ಟ್ ಯಾವ ಯಾವ ದಿನ ಇರುತ್ತಾರೆ? ಆರ್‌ಸಿಐ ನೋಂದಣಿ ಇದೆಯೇ? ಕನ್ನಡದಲ್ಲಿ ಮಾತಾಡುತ್ತಾರೆಯೇ? ಒಂದು ಭೇಟಿ ಎಷ್ಟು ನಿಮಿಷ, ಎಷ್ಟು ರೂಪಾಯಿ? ಮೆಟ್ಟಿಲು ಹತ್ತಬೇಕೆ, ಲಿಫ್ಟ್ ಇದೆಯೇ? ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸಮಯ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ. ತಿಂಡಿ, ಮಾತ್ರೆ ಮುಗಿದಿರುತ್ತದೆ, ಮಧ್ಯಾಹ್ನದ ತೂಕಡಿಕೆ ಇನ್ನೂ ಶುರುವಾಗಿರುವುದಿಲ್ಲ.